ಎರೆನೆಲದ ಹಿತ್ತಲಿನಲ್ಲಿ ಸುಗಂಧರಾಜ

ಸುಗಂಧರಾಜ ಗಡ್ಡೆಯಿಂದ ಬೆಳೆಯುವ ಹೂಗಿಡ. ನೆಲಕ್ಕೆ ಅಂಟಿಕೊಂಡು ಹುಲ್ಲಿನ ಹಾಗೆ ಗುಂಪಾಗಿ ಹಬ್ಬುವ ಒಂದರಿಂದ ಒಂದೂವರೆ ಅಡಿ ಉದ್ದದ ಎಲೆಗಳ ನಡುವೆ ಎರಡರಿಂದ ಮೂರಡಿ ಎತ್ತರದ ಹೂದಂಟು ಏಳುತ್ತದೆ. ಅದರ ಮೇಲ್ಭಾಗದಲ್ಲಿ ಮೇಣದಂತೆ ದಪ್ಪನೆಯ ಬಿಳಿ ಹೂಗಳು ಜೋಡಿಜೋಡಿಯಾಗಿ ಕೂರುತ್ತವೆ. ಬೆಳಗಾವಿ ಜಿಲ್ಲೆಯ ಉತ್ತರದಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಮದುವೆಯ ಹಾರಕ್ಕೆ, ಗುಡಿಯ ಪೂಜೆಗೆ, ಸತ್ಕಾರದ ಮಾಲೆಗೆ ಈ ಹೂ ಬೇಕೇ ಬೇಕು. ಕನ್ನಡದ ಜೊತೆ ಮರಾಠಿಯೂ ನಡೆಯುವ ಊರುಗಳಾದ್ದರಿಂದ ಹೂವಿನ ಅಂಗಡಿಯಲ್ಲಿ ನಿಶಿಗಂಧ ಎಂದು ಕೇಳುವವರೇ ಹೆಚ್ಚು. ಪೇಟೆಯಿಂದ ದಿನವೂ ಬಿಡಿ ಹೂ ತರುವ ಮನೆಗಳಲ್ಲಿಯೂ ಹಿತ್ತಲಿನ ಒಂದು ಮೂಲೆಯಲ್ಲಿ ನಾಲ್ಕಡಿ ಅಗಲ, ಆರಡಿ ಉದ್ದದ ಮಡಿ ಮಾಡಿದರೆ ವರ್ಷದ ಬಹುಭಾಗ ದೇವರ ಮನೆಗೆ ಸಾಲುವಷ್ಟು ಹೂ ಸಿಗುತ್ತದೆ.

ಸುಗಂಧರಾಜದ ತವರು ಮೆಕ್ಸಿಕೊ. ಅಲ್ಲಿನ ಅಜ್ಟೆಕ್ ಜನ ಯುರೋಪಿಯನ್ನರು ಬರುವ ಮುಂಚೆಯೇ ಇದನ್ನು ಬೆಳೆಸುತ್ತಿದ್ದರು. ಸ್ಪೇನಿನವರ ಮೂಲಕ ಯುರೋಪು ಸೇರಿ, ಅಲ್ಲಿಂದ ಭಾರತಕ್ಕೆ ಬಂತು. ಸಸ್ಯಶಾಸ್ತ್ರದ ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಪಾಲಿಯಾಂಥಸ್ ಟ್ಯೂಬರೋಸಾ. ಈಚೆಗೆ ಸಸ್ಯವಿಜ್ಞಾನಿಗಳು ಇದನ್ನು ಕತ್ತಾಳೆಯ ಕುಲಕ್ಕೇ ಸೇರಿಸಿ ಅಗೇವ್ ಅಮಿಕಾ ಎಂದು ಕರೆಯುತ್ತಿದ್ದಾರೆ. ಹೊಲದ ಬದುವಿನ ಮೇಲೆ ನಿಂತ ಮುಳ್ಳಿನ ಕತ್ತಾಳೆಯೂ ಹಾರದಲ್ಲಿ ಕೂತ ಈ ಮೃದು ಹೂವೂ ಒಂದೇ ವಂಶದವು ಎಂದರೆ ನಂಬುವುದು ಕಷ್ಟ. ಆದರೆ ಎರಡರ ಬಾಳುವೆಯಲ್ಲಿ ಒಂದು ಹೋಲಿಕೆ ಎದ್ದು ಕಾಣುತ್ತದೆ. ಕತ್ತಾಳೆ ಒಮ್ಮೆ ಹೂದಂಟು ಬಿಟ್ಟರೆ ಆ ಗಿಡದ ಆಯುಷ್ಯ ಮುಗಿಯಿತು. ಸುಗಂಧರಾಜದ ಗಡ್ಡೆಯೂ ಹಾಗೆಯೇ: ಒಮ್ಮೆ ಹೂ ಕೊಟ್ಟ ಗಡ್ಡೆ ಮತ್ತೆ ಹೂ ಕೊಡುವುದಿಲ್ಲ. ಅದರ ಬುಡದಲ್ಲಿ ಹುಟ್ಟುವ ಮರಿಗಡ್ಡೆಗಳು ಬಲಿತು ಮುಂದಿನ ಹೂ ಬಿಡುತ್ತವೆ. ಈ ಗಿಡದ ಆರೈಕೆಯ ಅರ್ಧ ಗುಟ್ಟು ಈ ಒಂದು ಸಂಗತಿಯಲ್ಲಿದೆ. ಮರಿಗಳಿಗೆ ಜಾಗ, ಗಾಳಿ, ಗೊಬ್ಬರ ಸಿಕ್ಕಷ್ಟು ಕಾಲ ಮಡಿ ಹೂ ಬಿಡುತ್ತಲೇ ಇರುತ್ತದೆ.

ಗಡ್ಡೆಯಿಂದ, ಬೇರುಕಾಂಡದಿಂದ ಬರುವ ಹೂಗಿಡಗಳೆಲ್ಲ ಈ ಭಾಗಕ್ಕೆ ಒಗ್ಗುವುದಿಲ್ಲ. ಯುರೋಪಿನ ತೋಟಗಳಲ್ಲಿ ಮೆಚ್ಚುಗೆ ಪಡೆದ ಸೈಬೀರಿಯನ್ ಐರಿಸ್ ಇದಕ್ಕೆ ಒಳ್ಳೆಯ ಉದಾಹರಣೆ. ಮಧ್ಯ ಯುರೋಪಿನಿಂದ ಪಶ್ಚಿಮ ಸೈಬೀರಿಯಾದವರೆಗಿನ ತೇವದ ಹುಲ್ಲುಗಾವಲು ಅದರ ನೆಲೆ. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕೊರೆಯುವ ಚಳಿಯಲ್ಲಿ ನೆಲದೊಳಗೆ ಮಲಗಿದ್ದು, ಹಿಮ ಕರಗಿದ ಮೇಲೆ ಎದ್ದು ಹೂ ಬಿಡುವುದು ಅದರ ಸ್ವಭಾವ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ, ಚಳಿಗಾಲದಲ್ಲಿ ಹಿಮದ ಸುಳಿವೇ ಇಲ್ಲದ ಅಥಣಿ–ರಾಯಬಾಗದಲ್ಲಿ ಅದಕ್ಕೆ ಬೇಕಾದ ಚಳಿಯ ನಿದ್ದೆ ಸಿಗುವುದಿಲ್ಲ. ದುಬಾರಿ ಬೆಲೆಗೆ ತರಿಸಿದ ಗಡ್ಡೆಯೂ ಎಲೆ ಬಿಟ್ಟು ಸೊರಗುತ್ತದೆ. ಐರಿಸ್ ಬಳಗದಿಂದಲೇ ಒಂದು ಬೇಕೆಂದರೆ ಚಳಿಗಾಲದಲ್ಲಿ ಗ್ಲ್ಯಾಡಿಯೋಲಸ್ ಹಾಕಬಹುದು. ಆದರೆ ಒಮ್ಮೆ ನೆಟ್ಟು ಮೂರು ವರ್ಷ ಹೂ ಕೊಯ್ಯುವ ಅನುಕೂಲ ಅದರಲ್ಲಿಲ್ಲ. ಬಿಸಿಲಿಗೆ ಹೆದರದೆ, ವರ್ಷವರ್ಷವೂ ತನ್ನ ಬುಡದಲ್ಲೇ ಹಿಗ್ಗುತ್ತ ಹೋಗುವ ಗಡ್ಡೆಹೂಗಳಲ್ಲಿ ಸುಗಂಧರಾಜಕ್ಕೆ ಸಾಟಿಯಾದದ್ದು ಇಲ್ಲಿ ಇನ್ನೊಂದಿಲ್ಲ. ಇದಕ್ಕೆ ಹಿಡಿಸುವ ಉಷ್ಣಾಂಶ 20ರಿಂದ 35 ಡಿಗ್ರಿ. ಅದಕ್ಕಿಂತ ಹೆಚ್ಚಾದರೆ ಗಿಡ ಸಾಯುವುದಿಲ್ಲ, ಹೂದಂಟು ಮಾತ್ರ ಗಿಡ್ಡವಾಗಿ ಹೂ ಸಣ್ಣದಾಗುತ್ತದೆ.

ಇಲ್ಲಿ ಸುಗಂಧರಾಜ ಕೆಡುವುದು ಬಿಸಿಲಿನಿಂದಲ್ಲ, ನೀರಿನಿಂದ. ನಿಪ್ಪಾಣಿ ಮತ್ತು ಚಿಕ್ಕೋಡಿಯ ಪಶ್ಚಿಮ ಭಾಗ ಸಹ್ಯಾದ್ರಿಯ ಸೆರಗಿಗೆ ಹತ್ತಿರ, ಮಳೆ ಚೆನ್ನಾಗಿ ಬೀಳುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ತೆಳುವಾಗುತ್ತ ಅಥಣಿಯ ಒಣ ಬಯಲು ಶುರುವಾಗುತ್ತದೆ. ಹೀಗಿದ್ದರೂ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಉದ್ದಕ್ಕೂ ಆಳವಾದ ಎರೆಮಣ್ಣು, ಏತ ನೀರಾವರಿ, ಕಬ್ಬು. ಎರೆಮಣ್ಣು ನೀರನ್ನು ಬೇಗ ಕುಡಿಯುವುದಿಲ್ಲ, ಕುಡಿದದ್ದನ್ನು ಬೇಗ ಬಿಡುವುದೂ ಇಲ್ಲ. ವರ್ಷಗಟ್ಟಲೆ ಕಬ್ಬಿಗೆ ಹಾಯಿಸಿದ ನೀರು ಬಸಿದು ಹೋಗಲು ದಾರಿಯಿಲ್ಲದೆ ನೆಲದೊಳಗಿನ ಲವಣವನ್ನು ಕರಗಿಸಿಕೊಂಡು ಮೇಲೆ ಬರುತ್ತದೆ, ನೀರು ಆರಿದಾಗ ಉಪ್ಪು ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಅಥಣಿ, ಕಾಗವಾಡ, ರಾಯಬಾಗದ ರೈತರು ಸವಳು–ಜವಳು ಎಂದು ನಿಟ್ಟುಸಿರು ಬಿಡುವುದು ಇಂಥ ಭೂಮಿಯನ್ನು ಕಂಡೇ. ಹೊಲದ ಈ ರೋಗ ಊರೊಳಗಿನ ಹಿತ್ತಲನ್ನೂ ಬಿಟ್ಟಿಲ್ಲ. ಬೇಸಿಗೆಯ ಬೆಳಗಿನಲ್ಲಿ ಗೋಡೆಯ ಬುಡದ ನೆಲದ ಮೇಲೆ ಬಿಳಿ ಪೊರೆ ಕಂಡರೆ, ಮಳೆ ಬಂದು ಎರಡು ದಿನವಾದರೂ ಕಾಲಿಟ್ಟಲ್ಲಿ ಮಣ್ಣು ಅಂಟಿದರೆ, ಅಲ್ಲಿ ಗಡ್ಡೆಯನ್ನು ನೇರವಾಗಿ ನೆಲಕ್ಕೆ ಊರಬಾರದು.

ಸುಗಂಧರಾಜ ಅಲ್ಪಸ್ವಲ್ಪ ಉಪ್ಪನ್ನು, ಕ್ಷಾರವನ್ನು ತಾಳಿಕೊಳ್ಳುತ್ತದೆ. ನಿಂತ ನೀರನ್ನು ಮಾತ್ರ ತಾಳುವುದಿಲ್ಲ. ಗಡ್ಡೆಯ ಸುತ್ತ ನೀರು ನಿಂತರೆ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಉಸಿರುಗಟ್ಟುತ್ತದೆ, ಆಮೇಲೆ ಶಿಲೀಂಧ್ರ ಸೇರಿ ಬುಡ ಕೊಳೆಯುತ್ತದೆ. ಆದ್ದರಿಂದ ಈ ಐದೂ ತಾಲ್ಲೂಕುಗಳ ಎರೆನೆಲದಲ್ಲಿ ಏರುಮಡಿಯೇ ಸರಿಯಾದ ದಾರಿ. ನೆಲಮಟ್ಟದಿಂದ ಮುಕ್ಕಾಲು ಅಡಿಯಿಂದ ಒಂದಡಿ ಎತ್ತರಕ್ಕೆ ಮಡಿ ಏರಿಸಿ, ಸುತ್ತ ಇಟ್ಟಿಗೆಯನ್ನೋ ಕಲ್ಲನ್ನೋ ಸಂದು ಬಿಟ್ಟು ಜೋಡಿಸಬೇಕು. ಸಿಮೆಂಟು ಮೆತ್ತಿ ಸಂದು ಮುಚ್ಚಿದರೆ ಮಡಿ ತೊಟ್ಟಿಯಾಗುತ್ತದೆ. ತುಂಬುವ ಮಣ್ಣಿನಲ್ಲಿ ಅರ್ಧದಷ್ಟು ಮಸಾರಿ ಮಣ್ಣು ಇದ್ದರೆ ಒಳ್ಳೆಯದು. ಉಳಿದರ್ಧದಲ್ಲಿ ಎರೆಮಣ್ಣು, ದಪ್ಪ ಮರಳು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಮವಾಗಿ ಸೇರಲಿ. ಮಣ್ಣಿನ ರಸಸಾರ 6.5ರಿಂದ 7.5ರ ನಡುವೆ ಇದ್ದರೆ ಗಿಡಕ್ಕೆ ಹಿತ. ಹಿತ್ತಲಿನ ಮಣ್ಣನ್ನೇ ಬಳಸುವುದಾದರೆ ಒಮ್ಮೆ ಪರೀಕ್ಷೆ ಮಾಡಿಸುವುದು ಲೇಸು, ಏಕೆಂದರೆ ಉಪ್ಪಿನ ಮಣ್ಣಿಗೂ ಕ್ಷಾರದ ಮಣ್ಣಿಗೂ ಮದ್ದು ಬೇರೆ ಬೇರೆ. ಉಪ್ಪಿನ ಮಣ್ಣನ್ನು ಸಿಹಿನೀರು ಹಾಯಿಸಿ, ಬಸಿದು ತೊಳೆಯಬೇಕು. ಕ್ಷಾರದ ಮಣ್ಣಿಗೆ ಜಿಪ್ಸಂ ಕೊಡಬೇಕು. ಯಾವುದೆಂದು ತಿಳಿಯದೆ ಜಿಪ್ಸಂ ಸುರಿಯುವುದರಿಂದ ಪ್ರಯೋಜನವಿಲ್ಲ.

ಬಚ್ಚಲ ನೀರು ಹರಿಯುವ ಕಡೆ ಹೂಗಿಡ ಹಾಕುವುದು ಹಳ್ಳಿಮನೆಗಳ ಹಳೆಯ ರೂಢಿ. ನೀರು ಪೋಲಾಗದಿರಲಿ ಎಂಬ ಆ ಎಣಿಕೆ ಒಳ್ಳೆಯದೇ. ಆದರೆ ಇಂದಿನ ಬಚ್ಚಲ ನೀರಿನಲ್ಲಿ ಸಾಬೂನು, ಬಟ್ಟೆಪುಡಿಯ ಸೋಡಿಯಂ ಬೆರೆತಿರುತ್ತದೆ, ಎರೆಮಣ್ಣು ಇನ್ನಷ್ಟು ಬಿರುಸಾಗುತ್ತದೆ. ಆ ತಾವಿಗೆ ತೇವವನ್ನು ಸಹಿಸುವ ಕ್ಯಾನಾ, ಬಾಳೆ, ಕೆಸುವು ಸರಿ. ಸುಗಂಧರಾಜಕ್ಕೆ ದಿನಕ್ಕೆ ಕನಿಷ್ಠ ಆರು ತಾಸು ಬಿಸಿಲು ಬೀಳುವ, ಗಾಳಿಯಾಡುವ, ಮನೆಯ ನೆರಳಿನಿಂದ ದೂರದ ಜಾಗ ಬೇಕು. ಮರದ ಕೆಳಗೆ ನೆಟ್ಟರೆ ಎಲೆ ಮಾತ್ರ ಸೊಂಪಾಗಿ ಬೆಳೆಯುತ್ತದೆ.

ತಳಿಗಳಲ್ಲಿ ಮೂರು ಬಗೆ. ಆರು ಎಸಳಿನ ಒಂದೇ ಸುತ್ತು ಇರುವ ಏಕದಳದ ಹೂವಿಗೆ ಪರಿಮಳ ಹೆಚ್ಚು, ಹಾರಕ್ಕೂ ಅತ್ತರಿಗೂ ಅದೇ ಬೇಕು. ಎಸಳುಗಳು ಸುತ್ತುಸುತ್ತಾಗಿ ತುಂಬಿದ ದ್ವಿದಳದ ಹೂ ನೋಡಲು ಚೆಂದ, ಹೂದಾನಿಯಲ್ಲಿ ಹೆಚ್ಚು ದಿನ ನಿಲ್ಲುತ್ತದೆ, ಪರಿಮಳ ಕಡಿಮೆ. ನಡುವಣದು ಅರೆದ್ವಿದಳ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಹೂವಿನ ಮೇಲೆ ಮಾಡಿದ ಕೆಲಸ ದೊಡ್ಡದು. ಏಕದಳದ ಮತ್ತು ದ್ವಿದಳದ ಗಿಡಗಳನ್ನು ಸಂಕರಿಸಿ ಅಲ್ಲಿ ಪಡೆದ ‘ಶೃಂಗಾರ್’ ಏಕದಳದ ತಳಿ, ಬೇರುಗಂಟಿನ ಜಂತುಹುಳುವನ್ನು ತಾಳಿಕೊಳ್ಳುತ್ತದೆ. ಶೃಂಗಾರ್ ಅನ್ನು ಮೆಕ್ಸಿಕನ್ ಸಿಂಗಲ್ ಜೊತೆ ಸಂಕರಿಸಿ ಬಂದದ್ದು ‘ಪ್ರಜ್ವಲ್’. ಇದರ ಮೊಗ್ಗಿಗೆ ನಸುಗೆಂಪು ಛಾಯೆ, ಅರಳಿದ ಹೂ ಅಚ್ಚ ಬಿಳಿ, ಗಾತ್ರವೂ ತೂಕವೂ ಹೆಚ್ಚು. ‘ಸುವಾಸಿನಿ’ ದ್ವಿದಳದ ತಳಿ, ‘ವೈಭವ್’ ಅರೆದ್ವಿದಳದ್ದು, ಅದರ ಮೊಗ್ಗು ಹಸಿರು ಬೆರೆತ ಬಣ್ಣದ್ದು. ಹೆಸರೇ ಹೇಳುವಂತೆ ಬಹುಕಾಲ ಹೂ ಕೊಡುವ ‘ಅರ್ಕಾ ನಿರಂತರ’ವೂ ಅಲ್ಲಿಯದೇ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ ಗಾಮಾ ಕಿರಣ ಹಾಯಿಸಿ ಪಡೆದ ‘ರಜತ ರೇಖಾ’, ‘ಸ್ವರ್ಣ ರೇಖಾ’ ತಳಿಗಳ ಎಲೆಗಳಲ್ಲಿ ಬೆಳ್ಳಿಯ, ಹೊನ್ನಿನ ಬಣ್ಣದ ಗೆರೆಗಳಿವೆ. ಹೂವಿಲ್ಲದ ದಿನಗಳಲ್ಲೂ ಅವುಗಳ ಕುಂಡ ಅಂಗಳಕ್ಕೆ ಶೋಭೆ.

ಮನೆಬಳಕೆಗೆ ಯಾವುದು ಒಳ್ಳೆಯದು ಎಂದರೆ ಮೊದಲ ಮಡಿಗೆ ಪ್ರಜ್ವಲ್ ಅಥವಾ ಶೃಂಗಾರ್ ಹಾಕುವುದೇ ಮೇಲು. ಪರಿಮಳವಿಲ್ಲದಿದ್ದರೆ ಸುಗಂಧರಾಜ ಬೆಳೆಸಿ ಏನು ಬಂತು? ಏಕದಳದ ಗಿಡ ಗಟ್ಟಿಯೂ ಹೌದು. ಮಳೆಗಾಲದ ಜಿಟಿಜಿಟಿಯಲ್ಲಿ ದ್ವಿದಳದ ಮೊಗ್ಗು ನೀರು ಹಿಡಿದು ಅರಳದೆಯೇ ಕಂದುಗಟ್ಟುವುದುಂಟು. ನಿಪ್ಪಾಣಿ ಕಡೆ ಇದು ಹೆಚ್ಚು. ಗಡ್ಡೆ ಮತ್ತು ತಳಿಯ ಮಾಹಿತಿಗೆ ಈ ತಾಲ್ಲೂಕುಗಳವರು ದೂರ ಹೋಗಬೇಕಾಗಿಲ್ಲ. ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯ ಘಟಪ್ರಭಾದ ಹತ್ತಿರದ ಅರಭಾವಿಯಲ್ಲಿಯೇ ಇದೆ. ಹೂ ಬೆಳೆಯುವ ರೈತರ ಹೊಲದಲ್ಲಿ ಮೂರು ವರ್ಷದ ಬೆಳೆ ಕಿತ್ತಾಗ ಮಿಕ್ಕ ಗಡ್ಡೆಯೂ ಅಗ್ಗಕ್ಕೆ ಸಿಗುತ್ತದೆ. ಅಲ್ಲಿ ನೋಡಿ ಆರಿಸುವುದು ಮುಖ್ಯ.

ಆರಿಸುವಾಗ ಗಾತ್ರವೇ ಮೊದಲ ಅಳತೆ. ಎರಡರಿಂದ ಮೂರು ಸೆಂಟಿಮೀಟರ್ ಅಡ್ಡಳತೆಯ, ಕದಿರಿನ ಹಾಗೆ ಎರಡೂ ತುದಿ ಸಪೂರವಾದ ಗಡ್ಡೆ ಅದೇ ವರ್ಷ ಹೂ ಕೊಡುತ್ತದೆ. ಒಂದೂವರೆ ಸೆಂಟಿಮೀಟರಿಗಿಂತ ಸಣ್ಣದಾದರೆ ಮೊದಲ ವರ್ಷ ಎಲೆಯೊಂದೇ. ಹೆಬ್ಬೆರಳಿನಿಂದ ಬುಡ ಒತ್ತಿದಾಗ ಗಟ್ಟಿಯಿರಬೇಕು. ಮೆತ್ತಗೆ ತಗ್ಗಿದರೆ, ಹುಳಿವಾಸನೆ ಬಂದರೆ ಒಳಗೆ ಕೊಳೆ ಹಿಡಿದಿದೆ. ನಡುವೆ ಒಣಗಿದ ಹಳೆಯ ಹೂದಂಟಿನ ಮೋಟು ಇರುವ ದೊಡ್ಡ ಗಡ್ಡೆಯನ್ನು ಅಂಗಡಿಯವರು ಒಳ್ಳೆಯ ಬೆಲೆಗೆ ಮಾರುವುದುಂಟು. ಅದು ಹೂ ಕೊಟ್ಟು ಮುಗಿದ ತಾಯಿಗಡ್ಡೆ, ಅದರಿಂದ ಮರಿಯ ಹೊರತು ಬೇರೆ ಲಾಭವಿಲ್ಲ. ಕಿತ್ತ ಗಡ್ಡೆಯನ್ನು ಕೂಡಲೇ ನೆಡಲೂಬಾರದು. ನಾಲ್ಕರಿಂದ ಆರು ವಾರ ಗಾಳಿಯಾಡುವ ನೆರಳಿನಲ್ಲಿ ಹರಡಿ ವಿಶ್ರಾಂತಿ ಕೊಟ್ಟರೆ ಎಲ್ಲವೂ ಸಮನಾಗಿ ಮೊಳೆಯುತ್ತವೆ.

ನೆಡುವ ಕಾಲವನ್ನು ಹಬ್ಬದಿಂದ ಹಿಂದಕ್ಕೆ ಎಣಿಸಬಹುದು. ನೆಟ್ಟ ಎರಡು ಮೂರು ವಾರಕ್ಕೆ ಮೊಳಕೆ ಮೇಲೆ ಬರುತ್ತದೆ, ಮೂರರಿಂದ ನಾಲ್ಕು ತಿಂಗಳಿಗೆ ಮೊದಲ ಹೂ. ಮೇ ತಿಂಗಳ ನಡುವೆ ನೆಟ್ಟದ್ದು ಆಗಸ್ಟ್ ಕೊನೆಯ ಅಥವಾ ಸೆಪ್ಟೆಂಬರ್ ಹೊತ್ತಿಗೆ, ಅಂದರೆ ಗಣೇಶ ಚೌತಿಯ ಆಸುಪಾಸಿನಲ್ಲಿ ದಂಟು ಬಿಡುತ್ತದೆ, ದಸರೆಗೆ ಮಡಿ ತುಂಬಿ ಅರಳುತ್ತದೆ. ಹೂವಿನ ಬೆಲೆ ಏರುವುದೂ ಆಗಲೇ. ಮೃಗಶಿರಾ ಮಳೆ ಹಿಡಿಯುವ ಮೊದಲೇ ಗಡ್ಡೆ ಬೇರೂರಿದ್ದರೆ ಜೂನ್–ಜುಲೈ ಮಳೆಯನ್ನು ತಡೆದುಕೊಳ್ಳುತ್ತದೆ. ಮಳೆ ಹಿಡಿದ ಮೇಲೆ ಹಸಿ ಎರೆಯಲ್ಲಿ ಗಡ್ಡೆ ಊರಿದರೆ ಮೊಳೆಯುವ ಮುಂಚೆ ಕೊಳೆಯುವುದೇ ಹೆಚ್ಚು. ಅಂಥ ವರ್ಷ ಮಳೆ ತೆರಪು ಕೊಡುವವರೆಗೆ ಕಾಯುವುದು ಅಥವಾ ಕುಂಡದಲ್ಲಿ ಮೊಳೆಸಿ ಆಮೇಲೆ ಮಡಿಗೆ ಸಾಗಿಸುವುದು ವಾಸಿ.

ಮಡಿಯ ಪ್ರತಿ ಚದರ ಮೀಟರಿಗೆ 2ರಿಂದ 2.5 ಕಿಲೊ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ಅದರ ಜೊತೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ಹದ ಮಾಡಬೇಕು. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಡ್ಡೆಯಿಂದ ಗಡ್ಡೆಗೆ 20 ಸೆಂಟಿಮೀಟರ್ ಅಂತರ ಸಾಕು. ಈ ಲೆಕ್ಕದಲ್ಲಿ ನಾಲ್ಕಡಿ ಅಗಲ, ಆರಡಿ ಉದ್ದದ ಮಡಿಗೆ 36 ಗಡ್ಡೆ ಹಿಡಿಯುತ್ತವೆ. ನಾಲ್ಕರಿಂದ ಆರು ಸೆಂಟಿಮೀಟರ್ ಆಳದಲ್ಲಿ ಮೊಳಕೆಯ ತುದಿ ಮೇಲಾಗಿ ಗಡ್ಡೆ ಇಟ್ಟು ಮಣ್ಣು ಮುಚ್ಚಬೇಕು. ಇನ್ನೂ ಆಳಕ್ಕೆ ಹೂತರೆ ಎರೆಮಣ್ಣನ್ನು ಸೀಳಿ ಬರಲು ಮೊಳಕೆಗೆ ತ್ರಾಣ ಸಾಲದು. ಹಿತ್ತಲಿಲ್ಲದ ಮನೆಗಳಲ್ಲಿ ಹನ್ನೆರಡು ಅಂಗುಲದ ಕುಂಡಕ್ಕೆ ಮೂರು ಗಡ್ಡೆ ಹಾಕಿ ಮಾಳಿಗೆಯ ಮೇಲೆ ಇಟ್ಟರೂ ಚೆನ್ನಾಗಿ ಬರುತ್ತದೆ. ಕುಂಡದ ತೂತಿನ ಮೇಲೆ ಹೆಂಚಿನ ಚೂರು ಇಡುವುದನ್ನು ಮರೆಯಬಾರದು, ಬೇಸಿಗೆಯಲ್ಲಿ ಕಾದ ಮಾಳಿಗೆಗೆ ಕುಂಡ ನೇರ ತಾಗದಂತೆ ಕೆಳಗೆ ಎರಡು ಇಟ್ಟಿಗೆ ಇಡಬೇಕು.

ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಟ್ಟರೆ ಮೊಳಕೆ ಕಾಣುವವರೆಗೆ ಮತ್ತೆ ನೀರು ಬೇಡ, ಮಡಿ ಪೂರಾ ಒಣಗಿದರಷ್ಟೇ ಸ್ವಲ್ಪ ಚಿಮುಕಿಸಬಹುದು. ಎಲೆ ನಾಲ್ಕೈದು ಬಂದ ಮೇಲೆ ಬೇಸಿಗೆಯಲ್ಲಿ ಐದಾರು ದಿನಕ್ಕೊಮ್ಮೆ, ಚಳಿಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಸಾಕು. ದಿನ ಲೆಕ್ಕ ಹಿಡಿಯುವುದಕ್ಕಿಂತ ಬೆರಳೇ ಒಳ್ಳೆಯ ಅಳತೆ: ಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿದಾಗ ತಂಪು ತಾಗಿದರೆ ಆ ದಿನ ನೀರು ಬೇಡ. ಕಬ್ಬಿಗೆ ನೀರು ಹಾಯಿಸಿ ಕೈ ಪಳಗಿದ ಮನೆಗಳಲ್ಲಿ ಈ ಸಂಯಮ ಕಷ್ಟ. ಹೂಮಡಿ ಬಾಡಿದಂತೆ ಕಂಡ ಕೂಡಲೇ ಪೈಪು ಹಿಡಿಯುತ್ತಾರೆ. ಬಿಸಿಲಿಗೆ ಮಧ್ಯಾಹ್ನ ಬಾಗಿದ ಎಲೆ ಸಂಜೆಗೆ ತಾನೇ ನೆಟ್ಟಗಾದರೆ ಅದು ನೀರಡಿಕೆಯಲ್ಲ. ಬೆಳಿಗ್ಗೆಯೂ ಬಾಗಿದ್ದರೆ ಮಾತ್ರ ನೀರು ಕೊಡಬೇಕು.

ಕಬ್ಬು ಕಡಿದ ಮೇಲೆ ರಾಶಿ ಬೀಳುವ ರವದಿಯನ್ನು ಹೊಲದಲ್ಲೇ ಸುಡುವುದು ಈ ಭಾಗದ ಕೆಟ್ಟ ರೂಢಿ. ಅದರಲ್ಲಿ ಒಂದು ಹೊರೆ ತಂದು, ಸಣ್ಣಗೆ ಕತ್ತರಿಸಿ, ಗಿಡದ ಬುಡ ಬಿಟ್ಟು ಸಾಲುಗಳ ನಡುವೆ ಎರಡು ಅಂಗುಲ ದಪ್ಪ ಹಾಸಿದರೆ ಬೇಸಿಗೆಯಲ್ಲಿ ಎರೆ ಬಿರಿಯುವುದಿಲ್ಲ, ಕಳೆ ಏಳುವುದಿಲ್ಲ, ಉಪ್ಪೂ ಮೇಲೆ ಬರುವುದು ತಗ್ಗುತ್ತದೆ. ಎರೆ ಬಿರಿದಾಗ ಗಡ್ಡೆಯ ಎಳೆಬೇರು ಹರಿಯುತ್ತದೆ ಎಂಬುದನ್ನು ನೆನೆದರೆ ಈ ಹಾಸಿನ ಬೆಲೆ ತಿಳಿಯುತ್ತದೆ. ಮೇಲುಗೊಬ್ಬರವಾಗಿ ಗಿಡಕ್ಕೆ ಒಂದು ಹಿಡಿಯಂತೆ ಎರೆಹುಳುವಿನ ಗೊಬ್ಬರವನ್ನು ನೆಟ್ಟು ಒಂದು ತಿಂಗಳಾದಾಗ ಒಮ್ಮೆ, ದಂಟು ಮೂಡುವಾಗ ಮತ್ತೊಮ್ಮೆ ಕೊಡಬಹುದು. ಯೂರಿಯಾ ಸುರಿದರೆ ಎಲೆ ಕಡುಹಸಿರಾಗಿ ಕೊಬ್ಬುತ್ತದೆ, ದಂಟು ಮೆತ್ತಗಾಗಿ ಗಾಳಿಗೆ ಒರಗುತ್ತದೆ.

ದಂಟು ಮೂಡುವುದನ್ನು ಹತ್ತಿರದಿಂದ ನೋಡುವುದು ಒಂದು ಸುಖ. ಎಲೆಗಳ ನಡುವಿನಿಂದ ಮೊದಲು ಪೆನ್ಸಿಲ್ ದಪ್ಪದ ಹಸಿರು ಮೊನೆ ಏಳುತ್ತದೆ. ಅದು ಎತ್ತರಕ್ಕೆ ಹೋದಂತೆ ಮೇಲಿನ ಸಣ್ಣ ಎಲೆಗಳ ಕಂಕುಳಲ್ಲಿ ಎರಡೆರಡು ಮೊಗ್ಗು ಕಾಣಿಸಿಕೊಳ್ಳುತ್ತವೆ. ಕೆಳಗಿನ ಜೋಡಿ ಮೊದಲು ಬಲಿತು, ತುಸು ಬಾಗಿ, ಸಂಜೆಯ ಹೊತ್ತಿಗೆ ಬಾಯಿ ಬಿಡುತ್ತದೆ. ಮರುದಿನ ಅದರ ಮೇಲಿನ ಜೋಡಿ. ಹೀಗೆ ಬುಡದಿಂದ ತುದಿಯವರೆಗೆ ಅರಳುತ್ತ ಹೋಗಲು ಎರಡು ವಾರವೋ ಇನ್ನೂ ಹೆಚ್ಚೋ ಬೇಕು. ಹಗಲು ಮಂದವಾಗಿರುವ ಪರಿಮಳ ಕತ್ತಲಾದ ಮೇಲೆ ಹಬ್ಬುವುದಕ್ಕೆ ಕಾರಣವಿದೆ. ಈ ಹೂವಿಗೆ ಪರಾಗ ಹೊತ್ತು ತರುವವು ರಾತ್ರಿ ಹಾರುವ, ಉದ್ದ ಸೊಂಡಿಲಿನ ಪತಂಗಗಳು. ಹೂವಿನ ಉದ್ದನೆಯ ಕೊಳವೆಯ ತಳದಲ್ಲಿರುವ ಮಕರಂದ ಅವುಗಳ ಸೊಂಡಿಲಿಗಷ್ಟೇ ಎಟುಕುತ್ತದೆ. ಬಿಳಿ ಬಣ್ಣ ಕತ್ತಲಲ್ಲಿ ಕಾಣುವುದಕ್ಕೆ, ಪರಿಮಳ ದೂರದಿಂದ ಕರೆಯುವುದಕ್ಕೆ.

ಹೂ ಕಿತ್ತ ಮೇಲೂ ಪರಿಮಳ ಹೊರಡಿಸುತ್ತಲೇ ಇರುವುದು ಸುಗಂಧರಾಜದ ವಿಶೇಷ ಗುಣ, ಮಲ್ಲಿಗೆಯೊಂದು ಇದಕ್ಕೆ ಜೊತೆ. ಫ್ರಾನ್ಸಿನ ಗ್ರಾಸ್ ಪಟ್ಟಣದ ಅತ್ತರು ತಯಾರಕರು ಹಿಂದೆ ಗಾಜಿನ ಹಲಗೆಗೆ ಕೊಬ್ಬು ಸವರಿ, ಅದರ ಮೇಲೆ ಈ ಎರಡು ಹೂಗಳನ್ನು ದಿನದಿನವೂ ಬದಲಿಸುತ್ತ ಹರಡಿ ಪರಿಮಳ ಹೀರಿಸುತ್ತಿದ್ದುದು ಇದೇ ಗುಣ ನೆಚ್ಚಿ. ಈಗ ದ್ರಾವಕದಿಂದ ತೆಗೆಯುತ್ತಾರೆ. ಒಂದು ಟನ್ ಹೂವಿನಿಂದ ಸಿಗುವ ಘನ ಸುಗಂಧಸಾರ ಸುಮಾರು ಒಂದು ಕಿಲೊ ಮಾತ್ರ. ಬೆಳಿಗ್ಗೆ ಪೋಣಿಸಿದ ಹಾರ ಸಂಜೆಯ ಮದುವೆಯ ಆರತಕ್ಷತೆಯಲ್ಲಿ ಇನ್ನೂ ಹೆಚ್ಚು ಘಮ್ಮೆನ್ನುವುದೂ ಇದರಿಂದಲೇ.

ಪೂಜೆಗೆ, ಹಾರಕ್ಕೆ ಬಿಡಿಹೂ ಬೇಕಾದರೆ ಅಂದು ಅರಳಲಿರುವ ದಪ್ಪ ಮೊಗ್ಗನ್ನು ಸೂರ್ಯ ಏರುವ ಮುಂಚೆ ಬಿಡಿಸಬೇಕು. ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿ ಬಿದಿರಿನ ಬುಟ್ಟಿಯಲ್ಲಿಟ್ಟರೆ ಸಂಜೆಯವರೆಗೂ ಬಾಡುವುದಿಲ್ಲ. ಹೂದಾನಿಗೆ ಬೇಕಾದರೆ ಕೆಳಗಿನ ಒಂದೆರಡು ಜೋಡಿ ಅರಳಿದಾಗ, ಬುಡದಲ್ಲಿ ಎರಡು ಅಂಗುಲ ಬಿಟ್ಟು ಹರಿತವಾದ ಚಾಕುವಿನಿಂದ ದಂಟು ಕತ್ತರಿಸಿ ಆಗಲೇ ನೀರಿಗಿಡಬೇಕು. ಕೈಯಿಂದ ಮುರಿದೆಳೆದರೆ ಗಡ್ಡೆ ಅಲುಗಾಡಿ ಮರಿಗಳ ಬೇರು ಕೀಳುತ್ತದೆ. ಹೂದಾನಿಯ ನೀರಿಗೆ ಲೀಟರಿಗೆ ಎರಡು ಚಮಚ ಸಕ್ಕರೆ ಹಾಕಿ, ದಿನವೂ ನೀರು ಬದಲಿಸಿ, ದಂಟಿನ ತುದಿಯನ್ನು ಓರೆಯಾಗಿ ಸ್ವಲ್ಪ ಸ್ವಲ್ಪ ಕತ್ತರಿಸುತ್ತಿದ್ದರೆ ಒಂದು ವಾರದವರೆಗೆ ಮೇಲಿನ ಮೊಗ್ಗುಗಳೂ ಅರಳುತ್ತವೆ. ನೀರು ಬದಲಿಸದೆ ಸಕ್ಕರೆ ಹಾಕಿದರೆ ದಂಟು ಕೊಳೆಯುವುದು ಇನ್ನೂ ಬೇಗ.

ಕೀಟ, ರೋಗ ಇತರ ಹೂಗಳಿಗಿಂತ ಕಡಿಮೆ. ಮೊಗ್ಗಿನ ಅಂಚು ಕಂದಾಗಿ ಹೂ ಸುರುಟಿದರೆ ಥ್ರಿಪ್ಸ್ ನುಸಿ, ಎಳೆ ದಂಟಿಗೆ ಹಸಿರು ಹೇನು ಮುತ್ತುವುದೂ ಉಂಟು. ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಚಿಟಿಕೆ ಸಾಬೂನು ಕದಡಿ ಸಂಜೆ ಹೊತ್ತು ಸಿಂಪಡಿಸಿದರೆ ಎರಡೂ ಹಿಡಿತಕ್ಕೆ ಬರುತ್ತವೆ. ನಿಪ್ಪಾಣಿ ಭಾಗದಲ್ಲಿ ಹೇನಿಗೆ ತಂಬಾಕಿನ ಕಷಾಯ ಹೊಡೆಯುವ ಹಳೆಯ ಪದ್ಧತಿಯಿದೆ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ಮೈಸೇರುವ ವಿಷ. ದೇವರಿಗೆ ಏರಿಸುವ, ಮುಡಿಗೆ ಮುಡಿಯುವ, ಮಕ್ಕಳು ಮುಟ್ಟುವ ಹೂವಿಗೆ ಅದು ಬೇಡವೇ ಬೇಡ. ಹೆಚ್ಚು ಕಾಡುವುದು ಕಣ್ಣಿಗೆ ಕಾಣದ ಬೇರುಗಂಟಿನ ಜಂತುಹುಳು. ಗೊಬ್ಬರ, ನೀರು ಎಲ್ಲ ಇದ್ದೂ ಗಿಡ ಹಳದಿಯಾಗಿ ಕುಗ್ಗಿದರೆ ಒಂದನ್ನು ಕಿತ್ತು ನೋಡಬೇಕು, ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಾಣುತ್ತವೆ. ಬದನೆ, ಟೊಮ್ಯಾಟೊ, ಬೆಂಡೆ, ತಂಬಾಕು ಇದೇ ಹುಳುವನ್ನು ಸಾಕುವ ಬೆಳೆಗಳು, ಅವು ಬೆಳೆದ ಮಣ್ಣಿನಲ್ಲಿ ಸುಗಂಧರಾಜ ನೆಡಬಾರದು. ತಂಬಾಕಿನ ಹೊಲದ ಮಣ್ಣು ತಂದು ಮಡಿ ತುಂಬುವ ನಿಪ್ಪಾಣಿಯ ಮನೆಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಸಾಲುಗಳ ನಡುವೆ ಚೆಂಡುಹೂವಿನ ಗಿಡ ಹಾಕಿದರೆ ಅದರ ಬೇರು ಸೂಸುವ ರಸ ಜಂತುಹುಳುವನ್ನು ತಗ್ಗಿಸುತ್ತದೆ. ಹಬ್ಬಕ್ಕೆ ಬಿಳಿ ಹೂವಿನ ಜೊತೆ ಹಳದಿ ಹೂವೂ ಅದೇ ಮಡಿಯಲ್ಲಿ ದೊರೆಯುತ್ತದೆ. ಬುಡ ಕೊಳೆತು ಮಣ್ಣಿನ ಮೇಲೆ ಬಿಳಿ ಬೂಸಲು, ಸಾಸಿವೆಯಂಥ ಕಂದು ಕಾಳು ಕಂಡರೆ ಆ ಗಿಡವನ್ನು ಬುಡದ ಮಣ್ಣಿನ ಸಮೇತ ತೆಗೆದುಹಾಕಿ, ಉಳಿದವಕ್ಕೆ ತಿಪ್ಪೆಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮ ಕೊಡಬೇಕು.

ನದಿದಂಡೆಯ ಊರುಗಳಿಗೆ ಇನ್ನೊಂದು ಚಿಂತೆ ಇದೆ. 2005, 2019 ಮತ್ತು 2021ರ ಮಳೆಗಾಲಗಳಲ್ಲಿ ಕೃಷ್ಣೆಯೂ ಅದರ ಉಪನದಿಗಳೂ ಉಕ್ಕಿ ದಂಡೆಯ ಹಳ್ಳಿಗಳ ಮನೆ, ಹಿತ್ತಲು, ಬೆಳೆ ಎಲ್ಲವೂ ಮುಳುಗಿದವು. ಮನೆಯೇ ನೀರಲ್ಲಿ ನಿಂತಾಗ ಹೂವಿನ ಮಾತು ಯಾರಿಗೂ ಬೇಡ. ಆದರೂ ನೀರು ಇಳಿದ ಮೇಲೆ ಮಡಿಯನ್ನು ಮರಳಿ ಕಟ್ಟಬೇಕಾಗುತ್ತದೆ. ನೆರೆ ಒಂದೆರಡು ದಿನದಲ್ಲಿ ಇಳಿದಿದ್ದರೆ ಮೇಲೆ ಕೂತ ಜೇಡಿಯನ್ನು ಕೆರೆದು, ಸಾಲುಗಳ ನಡುವೆ ಕಾಲುವೆ ತೆಗೆದು ಗಾಳಿಯಾಡಲು ಬಿಟ್ಟರೆ ಎಷ್ಟೋ ಗಡ್ಡೆಗಳು ಬದುಕುತ್ತವೆ. ನೀರು ವಾರಗಟ್ಟಲೆ ನಿಂತಿದ್ದರೆ ಕೂಡಲೇ ಅಗೆದು, ಗಟ್ಟಿಯಿರುವ ಗಡ್ಡೆಗಳನ್ನು ಆರಿಸಿ ತೊಳೆದು ನೆರಳಲ್ಲಿ ಆರಿಸಬೇಕು. ದಂಡೆಯ ಊರಿನವರು ಪ್ರತಿವರ್ಷ ಕೆಲವು ಗಡ್ಡೆಗಳನ್ನು ಕುಂಡದಲ್ಲಿ ಹಾಕಿ ಮಾಳಿಗೆಯ ಮೇಲಿಟ್ಟಿರುವುದು ಬುದ್ಧಿವಂತಿಕೆ.

ಒಂದು ಗಡ್ಡೆ ನೆಟ್ಟಲ್ಲಿ ಮೂರು ವರ್ಷಕ್ಕೆ ಹತ್ತಾರು ಮರಿಗಳ ಮುದ್ದೆ ಕಟ್ಟಿರುತ್ತದೆ. ಒಂದರ ಮೈ ಒಂದಕ್ಕೆ ಒತ್ತಿ, ನಡುವಿನವು ಬಲಿಯಲು ಜಾಗವಿಲ್ಲದೆ ಎಲೆ ಮಾತ್ರ ಬಿಡುತ್ತವೆ, ದಂಟು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತದೆ. ಹೂ ಕಡಿಮೆಯಾಯಿತೆಂದು ಗೊಬ್ಬರ ಹೆಚ್ಚಿಸುವವರು ಬಹಳ. ಆ ಮಡಿಗೆ ಬೇಕಾದದ್ದು ಗುದ್ದಲಿ. ಮೂರನೆಯ ವರ್ಷದ ಚಳಿಗಾಲ ಮುಗಿಯುತ್ತ, ಜನವರಿ–ಫೆಬ್ರುವರಿ ಹೊತ್ತಿಗೆ ನೀರು ನಿಲ್ಲಿಸಬೇಕು. ಎಲೆ ಹಳದಿಯಾಗಿ ಒಣಗಿದ ಮೇಲೆ ಬುಡದಿಂದ ಒಂದು ಗೇಣು ದೂರಕ್ಕೆ ಗುದ್ದಲಿ ಹಾಕಿ ಮುದ್ದೆಯನ್ನು ಇಡಿಯಾಗಿ ಮೇಲೆತ್ತಬೇಕು. ಎರೆಮಣ್ಣು ಒಣಗಿ ಕಲ್ಲಾಗಿದ್ದರೆ ಹಿಂದಿನ ದಿನ ತುಸು ನೀರು ಚಿಮುಕಿಸಿಕೊಂಡರೆ ಗಡ್ಡೆ ಕತ್ತರಿಸದೆ ಬರುತ್ತದೆ. ಮಣ್ಣು ಕೊಡವಿ, ನಡುವೆ ಸುಕ್ಕಾಗಿ ನಿಂತ ತಾಯಿಗಡ್ಡೆಯ ಸುತ್ತಲಿನ ಮರಿಗಳನ್ನು ಕೈಯಿಂದಲೇ ಬಿಡಿಸಬಹುದು, ಚಾಕು ಬೇಕಾಗುವುದಿಲ್ಲ. ತಾಯಿಗಡ್ಡೆ ಗೊಬ್ಬರದ ಗುಂಡಿಗೆ. ದೊಡ್ಡ ಮರಿಗಳು ಮುಂದಿನ ಮಡಿಗೆ. ಬೆರಳಿಗಿಂತ ಸಣ್ಣವನ್ನು ಬೇರೆ ಒಂದು ಸಣ್ಣ ಮಡಿಯಲ್ಲಿ ಒತ್ತೊತ್ತಾಗಿ ನೆಟ್ಟು ವರ್ಷಕಾಲ ಬೆಳೆಸಿದರೆ ಅವೂ ಹೂವಿನ ಗಾತ್ರಕ್ಕೆ ಬರುತ್ತವೆ.

ಬಿಡಿಸಿದ ಗಡ್ಡೆಗಳನ್ನು ಟ್ರೈಕೋಡರ್ಮ ಕದಡಿದ ನೀರಿನಲ್ಲಿ ಅರ್ಧ ತಾಸು ಅದ್ದಿ, ನೆರಳಲ್ಲಿ ಒಣಗಿಸಿ, ಉಳ್ಳಾಗಡ್ಡಿ ಇಡುವ ತಟ್ಟಿಯ ಮೇಲೋ ಬಿದಿರಿನ ಬುಟ್ಟಿಯಲ್ಲೋ ಒಂದರ ಮೇಲೊಂದು ಹೇರದೆ ಹರಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೆವತು ಬೂಸಲು ಹಿಡಿಯುತ್ತದೆ. ವಾರಕ್ಕೊಮ್ಮೆ ಮಗುಚಿ, ಮೆತ್ತಗಾದವನ್ನು ಹೆಕ್ಕಿ ಎಸೆಯಬೇಕು. ಹೊಸ ಮಡಿ ಹಳೆಯ ಜಾಗದಲ್ಲಿ ಬೇಡ. ಆ ಮಣ್ಣಿನಲ್ಲಿ ಆ ವರ್ಷ ಚೆಂಡುಹೂವನ್ನೋ ಮೆಂತ್ಯೆ, ಉಳ್ಳಾಗಡ್ಡಿಯನ್ನೋ ಬೆಳೆದು, ಸುಗಂಧರಾಜವನ್ನು ಹಿತ್ತಲಿನ ಇನ್ನೊಂದು ಬದಿಗೆ ಸರಿಸಬೇಕು. 36 ಗಡ್ಡೆಯ ಮಡಿ ಕಿತ್ತಾಗ ಹೊಸ ಮಡಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಗಡ್ಡೆ ಕೈಗೆ ಬರುತ್ತವೆ. ಅವು ಮೇ ತಿಂಗಳವರೆಗೆ ಕೆಡದೆ ಉಳಿಯುತ್ತವಾದ್ದರಿಂದ ನೆರೆಹೊರೆಗೆ, ಬೀಗರ ಊರಿಗೆ ಹಂಚಲು ಸಾಕಷ್ಟು ಸಮಯವಿರುತ್ತದೆ.